ಕಣಿವೆಯ ಬೆಳ್ಳಿ

ಮದುವೆಯ ಬೆಳಿಗ್ಗೆ ನನ್ನ ತಮ್ಮ ಅಲ್ವಾರ್ ಅಡುಗೆಮನೆಯಲ್ಲಿ ಕೂತು ನಮ್ಮ ಮುತ್ತಜ್ಜನ ಕಾಲದ ಬೆಳ್ಳಿ ದಾಲರ್ ಒಂದನ್ನು ಉಜ್ಜುತ್ತಿದ್ದ. ನಮ್ಮ ಕಡೆಯ ಪದ್ಧತಿಯಂತೆ ಮದುಮಗಳ ಎಡಗಾಲಿನ ಷೂ ಒಳಗೆ ಅಪ್ಪ ಬೆಳ್ಳಿ ನಾಣ್ಯ ಇಡಬೇಕು, ಬಲಗಾಲಿನದರಲ್ಲಿ ಅಮ್ಮ ಚಿನ್ನದ್ದು. ಮದುಮಗಳು ಡೀಸಾಳ ಅಪ್ಪ ಅವಳು ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ಅವಳ ತಾಯಿ ಗುನ್ವೋರಳನ್ನು ಅಲ್ವಾರ್ ಮದುವೆಯಾದಾಗ ಡೀಸಾ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದಲೂ ಅವನನ್ನು ಹೆಸರು ಹಿಡಿದೇ ಕರೆಯುತ್ತಾಳೆ.

"ಸಾಕು ಮಾರಾಯ, ಇನ್ನೂ ತಿಕ್ಕಿದ್ರೆ ನಾಣ್ಯದ ಮೇಲಿರೋ ದೊರೆ ಮೂಗೇ ಸವೆದುಹೋಗತ್ತೆ" ಎಂದೆ.

"ಅಕ್ಕ, ಇದನ್ನ ಗುನ್ವೋರ್ ಕೈಲೇ ಕೊಟ್ಬಿಡ್ಲಾ? ಎರಡೂ ಅವಳೇ ಇಡ್ಲಿ."

"ಯಾಕೋ?"

"ಇದು ಅಪ್ಪ ಮಾಡೋ ಕೆಲಸ. ನಾನು ಆಮೇಲೆ ಬಂದವನು. ಬೇಡ ಅನ್ನೋಕೆ ಮುಜುಗರ ಆಗಿ ಡೀಸಾ ಸುಮ್ನೆ ಕಾಲು ಚಾಚಿಬಿಟ್ರೆ?"

ಫಲೂನಿನ ಗಣಿಯ ಪ್ರಯೋಗಾಲಯದಲ್ಲಿ ಲೋಹ ಪರೀಕ್ಷಿಸುತ್ತಿದ್ದವಳು ನಾನು. ಸಮಾಧಾನ ಹೇಳಲು ಬರುವುದಿಲ್ಲ. ಗೊತ್ತಿರುವುದನ್ನೇ ಹೇಳಿದೆ.

"ದಾಲರ್ ಅಂದ್ರೆ ಕಣಿವೆಯದು ಅಂತ. ಬೊಹೆಮಿಯಾದಲ್ಲಿ ಯೋಕಿಮ್ ಸಂತರ ಹೆಸರಿನ ಕಣಿವೆ ಒಂದಿದೆ. ಅಲ್ಲಿ ಬೆಳ್ಳಿ ಸಿಕ್ತು, ಅಲ್ಲೇ ನಾಣ್ಯ ಹೊಡೆದ್ರು. ಯೋಕಿಮ್ ಕಣಿವೆಯದು ಅಂತಿದ್ರು. ಹೇಳ್ತಾ ಹೇಳ್ತಾ ಹೆಸರಿಂದ ಸಂತರು ಬಿದ್ದುಹೋದ್ರು, ಕಣಿವೆ ಉಳ್ಕೊಳ್ತು. ನಿನ್ನ ಕೈಲಿರೋದು ನಮ್ಮ ಸಾಲಾ ಗಣಿ ಬೆಳ್ಳಿ ಇರ್ಬೇಕು. ಆ ಕಣಿವೇನ ಅದು ಕಂಡೇ ಇಲ್ಲ. ಅದೇ ತೂಕ ತೂಗ್ತು, ಅದೇ ಕೆಲಸ ಮಾಡ್ತು, ಆ ಹೆಸರು ಇದಕ್ಕೂ ಬಂತು. ನೀನು ದಾಲರ್ ಅಲ್ಲ ಅಂತ ಅದಕ್ಕೆ ಯಾರೂ ಅನ್ಲಿಲ್ಲ."

"ನೀನು ನಾಣ್ಯದ ವಿಷಯ ತಾನೇ ಹೇಳ್ತಿರೋದು?"

"ನಾಣ್ಯದ್ದೇ."

ಅವನು ಏಳಲಿಲ್ಲ. ಮೆಟ್ಟಿಲಲ್ಲಿ ಸದ್ದಾಯಿತು. ಬಲಗಾಲಿಗೆ ಷೂ ಹಾಕಿಕೊಂಡು, ಎಡಗಾಲಿನದನ್ನು ಕೈಯಲ್ಲಿ ಹಿಡಿದು ಡೀಸಾ ಕುಂಟುತ್ತ ಇಳಿದು ಬಂದಳು.

"ಅಲ್ವಾರ್, ಎಷ್ಟು ಹೊತ್ತು ಅಂತ ನನ್ನ ಒಂಟಿಕಾಲಲ್ಲಿ ನಿಲ್ಸ್ತೀಯ? ಅಮ್ಮಂದು ಆಗ್ಲೇ ಆಯ್ತು."

ಕೆಳಗಿನ ಮೆಟ್ಟಿಲ ಮೇಲೆ ಕೂತು ಷೂ ಅವನ ಮುಂದೆ ಹಿಡಿದಳು. ದಾಲರ್ ನೋಡಿ ನಕ್ಕಳು. "ಇದೇನು, ನಾಣ್ಯಾನಾ ತಟ್ಟೇನಾ?"

"ಚಿಕ್ಕದಿದೆ, ಈಗಿನ ಒಂದು ಕ್ರೋನಾ ನಾಣ್ಯ..." ಅಲ್ವಾರ್ ಜೇಬಿಗೆ ಕೈಹಾಕಿದ.

"ಅದು ಬೆಳ್ಳೀದಲ್ಲ" ಎಂದೆ ನಾನು.

"ಇದೇ ಇರ್ಲಿ" ಎಂದಳು ಡೀಸಾ.

ಅವನು ಚಾಕು ತಂದು ಷೂ ಒಳಗಿನ ಮೆತ್ತೆಯನ್ನು ಹಿಮ್ಮಡಿಯ ಬಳಿ ಗುಂಡಗೆ ಕೊರೆದು ನಾಣ್ಯವನ್ನು ಕೂರಿಸಿದ. ಅವಳು ಅದನ್ನು ಹಾಕಿಕೊಂಡು ಒಲೆಯವರೆಗೆ ನಡೆದು ವಾಪಸು ಬಂದಳು.

"ಒತ್ತತ್ತಾ?"

"ಒತ್ತತ್ತೆ."

"ತೆಗೀಲಾ?"

"ಬೇಡ. ಚರ್ಚಲ್ಲಿ ನೀನು ಹಿಂದೆ ಕೂತಿರ್ತೀಯ, ತಿರುಗಿ ನೋಡೋಕಾಗಲ್ಲ. ಒತ್ತಿದ್ರೆ ನೀನಿದೀಯ ಅಂತ ಗೊತ್ತಾಗತ್ತೆ."

ಅಲ್ವಾರ್ ಮಂಡಿಯೂರಿ ಷೂವಿನ ಪಟ್ಟಿ ಬಿಗಿಯತೊಡಗಿದ.