ಮಗ್ಗದ ಗುಣಿಯ ಕಡೆ

"ಒಂದು ಕೌದಿ ಕೊಡ್ರಮ್ಮಾ! ಬರೀ ಬಿದಿರ ಮ್ಯಾಲೆ ಮಲಗ್ಸೋಕಾಯ್ತದಾ ಮನುಷ್ಯನ್ನ?"

ಅಂಗಳದಿಂದ ಅಮರೇಶಪ್ಪ ಮೂರನೇ ಸಲ ಕೂಗಿದಾಗ ಕದಿರಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಎದ್ದೇಬಿಟ್ಟಳು. ತಮ್ಮ ಹೋದನೆಂಬ ಸುದ್ದಿ ಬಂದಾಗಿನಿಂದ ಹನಿ ನೀರು ಕುಡಿಯದ ಎಪ್ಪತ್ತರ ಜೀವ ಅದು. ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದು ನಿಂತಳು.

ಕೊಂಡಪ್ಪ ನಿನ್ನೆ ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಅಷ್ಟೇ. ಯಾರಿಗೂ ತೊಂದರೆ ಕೊಡಲಿಲ್ಲ, ಒಂದು ಲೋಟ ನೀರು ಬೇಕೆಂದೂ ಕೇಳಲಿಲ್ಲ. ಫೋನು ಬಂದಾಗ ಕದಿರಮ್ಮ ಕಲ್ಯಾಣದುರ್ಗದ ತನ್ನ ಮನೆಯ ಮಾಳಿಗೆಯ ಮೇಲೆ, ಬೆಳಿಗ್ಗೆ ಹಳೇ ಸೀರೆಯ ಮೇಲೆ ಇಟ್ಟಿದ್ದ ಸಂಡಿಗೆ ಬಿಡಿಸುತ್ತಿದ್ದಳು. ಶುಕ್ರವಾರ ತಮ್ಮನ ಮನೆಗೆ ಹೊರಡುವವಳಿದ್ದಳು, ಆ ಸಂಡಿಗೆಯೂ ಅವನಿಗೇ. ಬೆಳಗಿನ ಮೊದಲ ಬಸ್ಸು ಹಿಡಿದು, ಸೋಮಂದೇಪಲ್ಲಿ ದಾಟುವವರೆಗೂ ಕಿಟಕಿಗೆ ತಲೆ ಆನಿಸಿಕೊಂಡು ಅಳುತ್ತಲೇ ಬಂದಳು. ಉಗುರ ಸಂದಿಯಲ್ಲಿ ಹಿಟ್ಟು ಇನ್ನೂ ಒಣಗಿಕೊಂಡೇ ಇತ್ತು.

ಕೊಂಡಪ್ಪ ಕೊನೆಯದಾಗಿ ಮಲಗಿದ್ದ ಹಾಸಿಗೆಯನ್ನು ಆಗಲೇ ಊರ ಹೊರಗೆ ಎಸೆದು ಬಂದಿದ್ದರು. ಚಟ್ಟಕ್ಕೆ ಬೇರೆ ಬೇಕು. ಹಿಂದೂಪುರದ ಈ ನೇಕಾರರ ಬೀದಿಯಲ್ಲಿ ಅವನು ಕೌದಿ ಹೊಲಿದುಕೊಡದ ಮನೆಯೇ ಇರಲಿಲ್ಲ. ವರ್ಷವೆಲ್ಲ ರೇಷ್ಮೆ ಸೀರೆ ನೇಯುವ ಗಂಡಸು, ಬೇಸಿಗೆ ಬಂತೆಂದರೆ ಬಿಡುವಾದಾಗೆಲ್ಲ ಹಳೇ ಬಟ್ಟೆಯ ಚೂರುಗಳನ್ನು ತೊಡೆಯ ಮೇಲೆ ಹರಡಿಕೊಂಡು ಬೇವಿನ ಮರದ ನೆರಳಲ್ಲಿ ಕೂರುತ್ತಿದ್ದ. ನಗುವವರು ನಕ್ಕರು. ಆಮೇಲೆ ಅವರೇ ಹಳೇ ಸೀರೆ ಕಂಕುಳಲ್ಲಿ ಇಟ್ಟುಕೊಂಡು ಬಂದು, "ಸೊಸೆ ಬಸುರಿ ಕಣಣ್ಣ, ಕೂಸಿಗೊಂದು" ಅಂದರು. ಈಗ ನೋಡಿದರೆ ಅಂಥವನ ಬೆನ್ನ ಕೆಳಗೆ ಹಾಸಲು ಒಂದು ಕೌದಿಗೂ ಬರ!

"ನಮ್ಮನೇದು ಮಗಳು ತಗಂಡೋಗವ್ಳೆ ಕಣಕ್ಕ," ಎಂದಳು ಪಕ್ಕದ ಮನೆಯ ರಂಗಲಕ್ಷ್ಮಮ್ಮ. ಅದೇ ಕೌದಿ ಬೆಳಿಗ್ಗೆ ಅವಳ ಕಾಂಪೌಂಡಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದುದನ್ನು ಕದಿರಮ್ಮ ಕಣ್ಣಾರೆ ನೋಡಿದ್ದಳು.

ಕೊಂಡಪ್ಪನ ಸೊಸೆ ಧನಲಕ್ಷ್ಮಿ ತಲೆ ತಗ್ಗಿಸಿದಳು. "ಇರೋದು ಮಗೂದೊಂದೇ ಅತ್ತೆಮ್ಮ. ಅದಿಲ್ದೆ ಅವ್ಳು ನಿದ್ದೇನೇ ಮಾಡಲ್ಲ."

"ಹೊಸಾ ಚಾಪೆ ತಂದ್ಬುಡ್ತೀನಿ ಅತ್ತೆ, ಅಂಗಡಿ ಇಲ್ಲೇ ಐತೆ," ಎಂದ ಮಗ ಭಾನುಪ್ರಕಾಶ್.

"ಚಾಪೆ ಅಂತೆ! ಊರಿಗೆಲ್ಲಾ ಕೌದಿ ಹೊಲ್ದ ಕಣ್ರೋ ನನ್ ತಮ್ಮ. ಅವನಿಗೊಂದು ಇಲ್ವಾ? ಬಿಡ್ರಿ, ಯಾರೂ ಕೊಡಬ್ಯಾಡ್ರಿ. ನಾನೇ ನೋಡ್ಕಂತೀನಿ."

ಅವಳ ಸಿಟ್ಟಿನ ಬೇರು ಇನ್ನೂ ಆಳದಲ್ಲಿತ್ತು. ಊರಿಗೆಲ್ಲಾ ಹೊಲಿದ ತಮ್ಮ ಅವಳೊಬ್ಬಳಿಗೆ ಮಾತ್ರ ಹೊಲಿದುಕೊಟ್ಟಿರಲಿಲ್ಲ. ತವರಿನಲ್ಲಿ ತನ್ನದು ಅಂತ ಏನಾದರೂ ಉಳಿದಿದೆ ಎನ್ನುವುದಕ್ಕೆ, ಅವನ ಕೈಯ ಒಂದು ಕೌದಿ ಬೇಕೆಂದು ಆ ಹೆಂಗಸು ವರ್ಷಗಟ್ಟಲೆ ಆಸೆಪಟ್ಟಿದ್ದಳು. ಆ ಆಸೆಯೂ ನಿನ್ನೆ ಮಧ್ಯಾಹ್ನ ಅವನ ಜೊತೆಯೇ ಮಲಗಿಬಿಟ್ಟಿತು.

ಮಗ್ಗದ ಕೋಣೆಗೆ ಹೋಗಿ ಮೂಲೆಯಲ್ಲಿದ್ದ ತಗಡಿನ ಟ್ರಂಕನ್ನು ದರದರ ಎಳೆದಳು. ಮೇಲೆ ಎರಡು ಹಳೇ ಪಂಚೆ, ಒಂದು ಮುರಿದ ಲಾಳಿ. ತಳದಲ್ಲಿ ಒಂದು ಕೌದಿ. ಕೋರಾ ಬಟ್ಟೆಯ ಬೆನ್ನು ಹೊರಗೆ ಬರುವಂತೆ ಮಡಿಸಿ ದಾರ ಸುತ್ತಿತ್ತು. ಎತ್ತಿಕೊಂಡಾಗ ಗಂಜಿಯ ವಾಸನೆ ಮೂಗಿಗೆ ಬಂತು. ನೇಕಾರನ ಮನೆಯಲ್ಲಿ ಗಂಜಿ ವಾಸನೆ ಬರದೆ ಇನ್ನೇನು ಬಂದೀತು? ಮಬ್ಬು ಬಣ್ಣದ ಆ ಬೆನ್ನು ಕಂಡು, ಯಾರೋ ಹಾಕಿ ಮರೆತದ್ದಿರಬೇಕು ಅಂದುಕೊಂಡಳು. ಬಿಚ್ಚಿ ನೋಡಲು ಕಣ್ಣೀರು ಬಿಡಲಿಲ್ಲ.

"ತಗಳ್ರಿ," ಎಂದು ಬಾಗಿಲಿಗೆ ಬಂದು ಭಾನುಪ್ರಕಾಶನ ಕೈಗೆ ಹಾಕಿದಳು.

* * *

ಕದಿರಮ್ಮನಿಗೆ ಒಂಬತ್ತು, ಕೊಂಡನಿಗೆ ಐದು. ಮೇ ತಿಂಗಳ ಮಧ್ಯಾಹ್ನ ಮನೆ ಒಲೆಯ ಹಾಗೆ ಕಾಯುತ್ತಿದ್ದಾಗ ಅಮ್ಮ ಕೌದಿಯನ್ನು ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಮಗ್ಗದ ಕೋಣೆಯಲ್ಲಿ ಇಬ್ಬರಿಗೂ ಸೇರಿಸಿ ಹೊದಿಸುತ್ತಿದ್ದಳು. ಮನೆಗೆಲ್ಲ ಇದ್ದದ್ದು ಅದೊಂದೇ ಕೌದಿ. ಒದ್ದೆ ಬಟ್ಟೆ ಮೈಗೆ ತಾಕಿದಾಗ ಇಬ್ಬರೂ "ಹೂ" ಎಂದು ಒಟ್ಟಿಗೆ ಉಸಿರೆಳೆದುಕೊಳ್ಳುವುದು, ಆಮೇಲೆ ಕಿಸಿಕಿಸಿ ನಗುವುದು, ಅಮ್ಮ ಅಡುಗೆಮನೆಯಿಂದ ಗದರುವುದು.

ಮಗ್ಗದ ಮುಂದೆ ಅಪ್ಪ ಕಾಲು ಇಳಿಬಿಟ್ಟು ಕೂರುವ ಗುಣಿ ಇತ್ತು. ಅದರ ಅಂಚಿನಲ್ಲೇ ಅವರ ಹಾಸಿಗೆ. ಕೊಂಡ ನಿದ್ದೆಯಲ್ಲಿ ಉರುಳುವವನು.

"ಗೋಡೆ ಕಡೆ ನೀನು, ಗುಣಿ ಕಡೆ ನಾನು," ಎಂದು ಕದಿರಮ್ಮ ಕಾನೂನು ಮಾಡಿದ್ದಳು.

"ನೀನು ಬಿದ್ರೆ ಅಕ್ಕಾ?"

"ಬಿದ್ರೆ ನೀನು ಎತ್ತು."

ಕೊಂಡ ಒಂದು ಗಳಿಗೆ ಯೋಚಿಸಿದ. "ನಂಗಾಗಲ್ಲಪ್ಪ, ನೀನು ದಪ್ಪ."

ಹದಿನಾರಕ್ಕೆ ಅವಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟರು. ಹೊರಡುವ ದಿನ ಆ ಕೌದಿಯನ್ನು ಪೆಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದಳು. ಅಮ್ಮ ನೋಡಿ ಈಚೆ ತೆಗೆದಳು.

"ಮನೆ ಮಗಳನ್ನ ಹಳೇ ಬಟ್ಟೆ ಕೊಟ್ಟು ಕಳಿಸ್ತಾರೇನೇ? ನಾಲ್ಕು ಜನ ಏನಂದಾರು? ಕೊಟ್ರೆ ಹೊಸದು ಕೊಡ್ಬೇಕು, ಇಲ್ಲಾ ಬರಿಗೈಲಿ ಕಳಿಸ್ಬೇಕು."

ಬಸ್ ಸ್ಟ್ಯಾಂಡಿನವರೆಗೂ ಕದಿರಮ್ಮ ಅಳುತ್ತಾ ನಡೆದಳು. ಪೆಟ್ಟಿಗೆ ಹೊತ್ತ ಕೊಂಡ ಪಕ್ಕದಲ್ಲಿ ನಡೆದ. ಅವನಿಗೂ ಅಳು ಬಂದಿತ್ತು, ಆದರೆ ಮೀಸೆ ಬರುವ ಮುಂಚಿನ ಗಂಡಸಿನ ಬಿಗುಮಾನ ಬಿಡಲಿಲ್ಲ.

ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು ದಿನ ಅವಳು ತವರಿಗೆ ಬರುವುದು ನಿಯಮವಾಯಿತು. ಬೆಳಗ್ಗೆ ನಾಲ್ಕಕ್ಕೇ ಎದ್ದು ಸಂಡಿಗೆ ಹಿಟ್ಟು ಬೇಯಿಸಿದರೆ ಅರ್ಧ ಕೊಂಡಪ್ಪನ ತಟ್ಟೆಗೇ ಹೋಗುತ್ತಿತ್ತು. ಬಿಸಿ ಹಿಟ್ಟಿಗೆ ಮಜ್ಜಿಗೆ ಹಾಕಿಕೊಂಡು, ಹಸಿ ಈರುಳ್ಳಿ ಕಡಿದುಕೊಂಡು ತಿನ್ನುವುದೆಂದರೆ ಅವನಿಗೆ ಪ್ರಾಣ. "ಇಡೋಕೆ ಮಾಡಿದ್ದೋ, ನಿನ್ ಹೊಟ್ಟೆಗೆ ಮಾಡಿದ್ದೋ?" ಎಂದು ಅವಳು ಬೈಯುವಳು, ಬೈಯುತ್ತಲೇ ಇನ್ನೊಂದು ಸೌಟು ಬಡಿಸುವಳು.

ಒಂದು ಸಲ ಅವನು ಮರದಡಿ ಹೊಲಿಯುತ್ತಿದ್ದಾಗ ತಮಾಷೆಗೆಂಬಂತೆ ಕೇಳಿದಳು. "ಬೀದಿ ಕೂಸುಗಳಿಗೆಲ್ಲಾ ಆಯ್ತು. ಇನ್ನು ಯಾರ ಪಾಳಿ?"

"ಬಂದೋರ ಪಾಳಿ."

"ನಾನು ಬಂದಿಲ್ವೇನ್ಲಾ, ವರ್ಷಾವರ್ಷಾ?"

ಅವನು ದಾರವನ್ನು ಹಲ್ಲಿನಿಂದ ಕತ್ತರಿಸಿ ನಕ್ಕ. "ನಿಂಗ್ಯಾಕಕ್ಕ ಈ ಹಳೇ ಚಿಂದಿ?"

ಅವಳು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ದಬದಬ ಸದ್ದು ಮಾಡಿ ತೊಳೆದಳು. ಇನ್ನೊಮ್ಮೆ ಕೇಳಲಿಲ್ಲ. ಕೊಡುವ ಮನಸ್ಸಿಲ್ಲದವನಿಗೆ ಮಾತಿಗೇನು ಕಡಿಮೆ ಅಂದುಕೊಂಡಳು.

* * *

ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಚಟ್ಟದ ಮೇಲೆ, ಕೋರಾ ಬೆನ್ನು ಮೇಲಾಗಿ ಹಾಸಿದ್ದ ಕೌದಿಯಲ್ಲಿ ಮಲಗಿಸಿದ್ದೂ ಆಯಿತು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು.

"ಬೇಗ ಬೇಗ ಮುಖ ನೋಡ್ಕಳ್ರಿ. ಹೊತ್ತೇರಿದ್ರೆ ಹೊರೋರಿಗೆ ಕಾಲು ಸುಡ್ತದೆ," ಎಂದ ಅಮರೇಶಪ್ಪ. ದಾಯಾದಿಗಳಲ್ಲಿ ಹಿರಿಯ, ಸಾವಿನ ಮನೆಯ ಯಜಮಾನಿಕೆ ಅವನದೇ.

ಅಷ್ಟು ಹೊತ್ತೂ ಒಳಗೆ ಕಂಬಕ್ಕೊರಗಿ ಕಲ್ಲಿನ ಹಾಗೆ ಕೂತಿದ್ದ ಕೊಂಡಪ್ಪನ ಹೆಂಡತಿ ಪದ್ಮಾವತಮ್ಮನನ್ನು ಇಬ್ಬರು ಹೆಂಗಸರು ಹಿಡಿದು ತಂದರು. ಭಾನುಪ್ರಕಾಶ್ ಹಗ್ಗ ಬಿಗಿಯಲು ದೇಹವನ್ನು ಒಂದಿಷ್ಟು ಸರಿಸಿದ. ಕೌದಿಯ ಅಂಚು ಮಗುಚಿಕೊಂಡಿತು. ಬಿಸಿಲಿಗೆ ಕೆಂಪು ಹೊಳೆಯಿತು, ಅದರ ಪಕ್ಕದಲ್ಲಿ ಜರಿ.

ಪದ್ಮಾವತಮ್ಮ ಕಿಟಾರನೆ ಕಿರುಚಿದಳು. "ಅಯ್ಯೋ ವದಿನಾ!" ಗಂಡನ ಅಕ್ಕನನ್ನು ಅವಳು ತೆಲುಗಿನಲ್ಲೇ ಕರೆಯುತ್ತಿದ್ದದ್ದು. "ಅಯ್ಯೋ, ಅದು ನಿನ್ದು! ನಿನಗೇ ಅಂತ ಹೊಲ್ದಿದ್ದು! ಯಾರು ತೆಗೆದುಕೊಟ್ರು ಅದನ್ನ?"

ಕದಿರಮ್ಮನಿಗೆ ತಿಳಿಯಲಿಲ್ಲ. "ಏನಮ್ಮಾ ಪದ್ಮಾ? ಯಾವುದು?"

"ಇಪ್ಪತ್ತೆರಡು ವರ್ಷ ವದಿನಾ. ಮಗ್ಗದ ಮೇಲೆ ಉದ್ದ ನೂಲಿನ ಒಂದು ಹಾಸು ಮುಗಿದ್ರೆ ಕೊನೇಲಿ ಗೇಣುದ್ದ ನೂಲು ಉಳೀತದಲ್ಲ, ಸಾವುಕಾರ್ರೂ ಕೇಳಲ್ಲ ಅದನ್ನ. ಅಷ್ಟನ್ನೇ ನೇಯ್ದು, ಕತ್ತರಿಸಿ, ಎತ್ತಿಡೋರು. 'ಅಕ್ಕನಿಗೆ ಹಳೇ ಬಟ್ಟೆ ಕೊಡೋಕಾಗಲ್ಲ, ಅಮ್ಮ ಬೈತಾಳೆ' ಅನ್ನೋರು. ನಮ್ಮತ್ತೆ ಸತ್ತು ಯಾವ ಕಾಲ ಆಯ್ತು! ಹೋದ ವಾರ ಮುಗೀತು ವದಿನಾ. ಶುಕ್ರವಾರ ಅಕ್ಕ ಬತ್ತಾಳೆ, ಯಾರಿಗೂ ಹೇಳಬ್ಯಾಡ, ಕೈಗೇ ಕೊಡ್ತೀನಿ ಅಂತ ಮಡಿಸಿಟ್ರು..."

ಕದಿರಮ್ಮ ಚಟ್ಟದ ಪಕ್ಕ ಕುಸಿದು ಕೂತು, ಮಗುಚಿದ ಅಂಚನ್ನು ಬೆರಳಲ್ಲಿ ಹಿಡಿದಳು. ಗೇಣುಗೇಣಿನ ಪಟ್ಟಿಗಳು. ಕುಂಕುಮದ್ದು, ಅರಿಶಿನದ್ದು, ನವಿಲು ಬಣ್ಣದ್ದು, ಗಿಳಿ ಹಸಿರು. ಯಾವ ಹೆಂಗಸೂ ಉಟ್ಟು ಬಿಟ್ಟದ್ದಲ್ಲ. ಎಲ್ಲ ಮಗ್ಗದಿಂದ ನೇರ ಇಳಿದದ್ದು. ತನ್ನ ಕೈಯಾರೆ ತಾನೇ ತೆಗೆದುಕೊಟ್ಟಿದ್ದಳು! ಅವನನ್ನು ಜಿಪುಣನೆಂದು ಎಷ್ಟು ಬೇಸಿಗೆ ಮನಸ್ಸಿನಲ್ಲೇ ಬೈದುಕೊಂಡಿದ್ದಳು, ದೇವರೇ!

"ಎತ್ರಿ ಅವನ್ನ," ಎಂದಳು.

"ಏನಂದೆ?" ಎಂದ ಅಮರೇಶಪ್ಪ.

"ಒಂದು ಗಳಿಗೆ ಎತ್ರಿ. ಇದನ್ನ ತಗಂತೀನಿ."

"ನಿಂಗೆ ಬುದ್ಧಿಗಿದ್ಧಿ ಐತೇನಮ್ಮಾ ಕದಿರಮ್ಮ? ಹೆಣದ ಕೆಳಗೆ ಹಾಸಿದ್ದು ಹೆಣದ ಜೊತೇಲೇ ಮಣ್ಣಿಗೆ ಹೋಗ್ಬೇಕು. ಮನೇಗೆ ಒಳ್ಳೇದಲ್ಲ ಕಣಮ್ಮ."

"ಹೆಣ ಅನ್ಬ್ಯಾಡ ಅಮರೇಶಣ್ಣ! ನನ್ ತಮ್ಮ ಅವ್ನು. ಅವನ ಮೈ ಮುಟ್ಟಿದ್ದು ನಂಗೆ ಮೈಲಿಗೆ ಆಯ್ತದಾ? ಕಲ್ಯಾಣದುರ್ಗಕ್ಕೆ ನಾನು ಬರಿಗೈಲಿ ಹೋದೋಳು. ನನ್ ತವರು ನಂಗೆ ಕೊಟ್ಟಿರೋದು ಇದೊಂದೇ ಕಣಪ್ಪಾ. ಇದನ್ನ ಮಣ್ಣಿಗೆ ಹಾಕೋದಾದ್ರೆ ನನ್ನೂ ಹಾಕ್ರಿ."

ಅಮರೇಶಪ್ಪ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಧನಲಕ್ಷ್ಮಿ ಸರಸರ ಒಳಗೆ ಹೋಗಿ ಮಗಳ ಕೌದಿಯನ್ನು ಎದೆಗವಚಿಕೊಂಡು ಬಂದಳು. ಚಟ್ಟದ ಪಕ್ಕ ಇಟ್ಟಳು. ಅದನ್ನು ನೋಡಿ ರಂಗಲಕ್ಷ್ಮಮ್ಮ ಮೆಲ್ಲಗೆ ಜಾಗ ಖಾಲಿ ಮಾಡಿದಳು. ಸ್ವಲ್ಪ ಹೊತ್ತಿಗೆ, ಮಗಳು ತಗೊಂಡು ಹೋಗಿದ್ದ ಕೌದಿ ಕಾಂಪೌಂಡಿನ ಆಚೆಯಿಂದ ಈಚೆಗೆ ಬಂತು.

"ಇದ್ನೂ ಹಾಕ್ರಿ," ಎಂದಳು ಯಾರ ಮುಖವನ್ನೂ ನೋಡದೆ. "ಬಿದ್ರು ಒತ್ತುತ್ತೆ ಅಣ್ಣನಿಗೆ."

ಅಮರೇಶಪ್ಪ ಸೋತ. "ಎತ್ರಪ್ಪ, ಎತ್ರಿ. ನೋಡಮ್ಮಾ, ಒಣದು ಒಳಕ್ಕೆ ತರಬ್ಯಾಡ. ಪೂರ್ತಿ ನೀರಲ್ಲಿ ಅದ್ದಿ ತಗಾ. ಅಷ್ಟಾದ್ರೂ ಕೇಳು ನನ್ ಮಾತು."

"ನೀರಲ್ಲೇ ಅದ್ದುತೀನಿ," ಎಂದಳು ಕದಿರಮ್ಮ.

ನಾಲ್ಕು ಜನ ಎತ್ತಿ ಹಿಡಿದರು. ಅವಳು ಕೌದಿಯನ್ನು ಎಳೆದುಕೊಂಡು, ಆ ಜಾಗಕ್ಕೆ ಬಂದ ಎರಡನ್ನೂ ತಾನೇ ಸುಕ್ಕು ತೆಗೆದು ಹಾಸಿದಳು. ತಮ್ಮನನ್ನು ಮತ್ತೆ ಮಲಗಿಸಿದಾಗ ಅವನ ಕಿವಿಯ ಹತ್ತಿರ ಬಗ್ಗಿದಳು.

"ತಗಂಡೆ ಕಣ್ಲಾ ಕೊಂಡಾ," ಎಂದಳು. "ಹೊಸದೇ ಐತೆ. ಅಮ್ಮ ಬೈಯಲ್ಲ."

* * *

ಗಂಡಸರು ಹೊರಟುಹೋದ ಮೇಲೆ ಅಂಗಳ ತೊಳೆದರು. ಹೆಂಗಸರು ಒಬ್ಬೊಬ್ಬರಾಗಿ ತಲೆಗೆ ನೀರು ಹಾಕಿಕೊಂಡರು. ಕದಿರಮ್ಮ ಕೌದಿಯನ್ನು ತೊಟ್ಟಿಯಲ್ಲಿ ಅದ್ದಿದಾಗ ಹೊಸ ಬಣ್ಣ ಬಿಟ್ಟುಕೊಂಡು ನೀರು ಕೆಂಪಾಯಿತು. ಎರಡನೇ ನೀರಿಗೆ ಕಡಿಮೆಯಾಯಿತು. ಒಂದು ತುದಿ ಅವಳು, ಇನ್ನೊಂದು ತುದಿ ಧನಲಕ್ಷ್ಮಿ ಹಿಡಿದು ಹಿಂಡಿದರು.

"ಮಾಳಿಗೆ ಮ್ಯಾಲೆ ಹಾಕಿ ಬತ್ತೀನಿ ಅತ್ತೆಮ್ಮ. ಈ ಬಿಸಿಲಿಗೆ ಅರ್ಧ ಗಂಟೇಲಿ ಒಣಗ್ತದೆ."

"ಬ್ಯಾಡ ಕಣಮ್ಮ. ಒಣಗೋದು ಬ್ಯಾಡ."

ಒಲೆ ಹಚ್ಚದ ಮನೆಗೆ ರಂಗಲಕ್ಷ್ಮಮ್ಮ ಅನ್ನ ಸಾರು ತಂದಿಟ್ಟಿದ್ದಳು. ಕದಿರಮ್ಮ ಪದ್ಮಾವತಮ್ಮನಿಗೆ ಕೈಯಾರೆ ನಾಲ್ಕು ತುತ್ತು ತಿನ್ನಿಸಿ, ತಾನು ಎರಡು ತುತ್ತು ತಿಂದಳು. ಆಮೇಲೆ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಮಗ್ಗದ ಕೋಣೆಗೆ ಹೋದಳು. ಬೆಳಕಿಂಡಿಯಿಂದ ಬಿಸಿಗಾಳಿ ಇಳಿಯುತ್ತಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಗುಣಿಯ ತಳದಲ್ಲಿ ಅವನ ಎರಡು ಪಾದ ಊರಿ ಊರಿ ನೆಲ ಸವೆದಿತ್ತು.

ಚಾಪೆ ಹಾಸಿಕೊಂಡು ಗುಣಿಯ ಅಂಚಿನಲ್ಲಿ ಮಲಗಿ, ಒದ್ದೆ ಕೌದಿಯನ್ನು ಕುತ್ತಿಗೆಯವರೆಗೂ ಎಳೆದುಕೊಂಡಳು. ತಣ್ಣಗೆ ಮೈಗೆ ತಾಕಿದಾಗ "ಹೂ" ಎಂದು ಉಸಿರೆಳೆದುಕೊಂಡಳು. ಸ್ವಲ್ಪ ಹೊತ್ತು ಹಾಗೇ ಕಿವಿಗೊಟ್ಟು ಇದ್ದಳು. ಆಮೇಲೆ ಗೋಡೆಯ ಕಡೆಗೆ ಉಳಿದಿದ್ದ ಅರ್ಧ ಕೌದಿಯನ್ನು ಸುಕ್ಕಾಗದಂತೆ ಅಂಗೈಯಿಂದ ಸವರಿ, ತಾನು ಇನ್ನೊಂದಿಷ್ಟು ಗುಣಿಯ ಕಡೆಗೆ ಸರಿದು, ಜಾಗ ಬಿಟ್ಟು ಮಲಗಿದಳು.