ಒಂದು ಹೆಬ್ಬೆರಳಿನ ಸಂದು

ಬಡಗಿ ಯಾವುದನ್ನು ಕಂಡರೂ ಮೊದಲು ಹೆಬ್ಬೆರಳಿಟ್ಟು ಅಳೆಯುತ್ತಿದ್ದ: ಬಾಗಿಲ ಚೌಕಟ್ಟು, ಬ್ರೆಡ್ಡಿನ ತುಂಡು, ಮಾತಾಡುತ್ತ ಮಾತಾಡುತ್ತ ಎದುರಿನವರ ಅಂಗಿಯ ಗುಂಡಿಗಳ ನಡುವಿನ ಅಂತರವನ್ನೂ. ಕಿವಿಯ ಮೇಲೆ ಮೊಂಡು ಪೆನ್ಸಿಲ್, ಕೋಟಿನ ಜೇಬು ತುಂಬ ಮರದ ಹೊಟ್ಟು. ಅವನು ನಡೆದು ಹೋದ ಮೇಲೂ ಹಸಿಮರದ ಪರಿಮಳ ಬೀದಿಯಲ್ಲಿ, ಮುಗಿಯಲೊಲ್ಲದ ಕನಸಿನ ಹಾಗೆ, ತೇಲುತ್ತಿತ್ತು. ಪಕ್ಕದ ಮನೆಯವಳಾದ ನನಗೆ ಆ ಪರಿಮಳವೇ ಗಡಿಯಾರ.

ಇಂಥವನನ್ನು ಚರ್ಚಿನ ಸಭೆಯಿಂದ ಹೊರಗಿಟ್ಟರು. ಅವನಿಗಿಂತ ಮೊದಲೇ ಸಭೆ ಹೊರಗಿಟ್ಟಿದ್ದ ಬಟ್ಟೆ ಒಗೆಯುವ ಮುದುಕಿಯೊಬ್ಬಳು ಸತ್ತಾಗ, ಸಭೆಯ ಹಿರಿಯರು ಬೇಡವೆಂದರೂ ಇವನು ಅವಳ ಶವಪೆಟ್ಟಿಗೆಯ ಮೇಲೆ ಶಿಲುಬೆ ಕೆತ್ತಿದ್ದ. ತೀರ್ಪು ಓದಿದ ಹಿರಿಯರು ಅವನ ಹೆಂಡತಿಯ ಒಡಹುಟ್ಟಿದ ಅಣ್ಣ. ತಪ್ಪೊಪ್ಪಿಕೊಳ್ಳುವ ತನಕ ಸಭೆಯವರು ಯಾರೂ ಅವನೊಡನೆ ಒಂದೇ ಮೇಜಿನಲ್ಲಿ ಉಣ್ಣಬಾರದು, ಹೆಂಡತಿಯೂ ಸಹ.

"ಇದು ಶಿಕ್ಷೆ ಅಲ್ಲ ಭಾವ. ಒಂಟಿಯಾಗಿ ಉಂಡು ಉಂಡು ನಿಮಗೆ ನಮ್ಮ ನೆನಪಾಗ್ಲಿ, ತಿರುಗಿ ಬನ್ನಿ ಅಂತ," ಎಂದರು ಹಿರಿಯರು.

"ಶಿಲುಬೆ ಸೊಟ್ಟಗಿದ್ರೆ ಹೇಳಿ, ಈಗಲೇ ತಪ್ಪಾಯ್ತು ಅಂತೀನಿ," ಎಂದ ಬಡಗಿ.

ಹೆಂಡತಿ ಸಭೆಯನ್ನು ಬಿಡಲಾರಳು, ಗಂಡನನ್ನು ಬಿಟ್ಟು ಉಣ್ಣಲಾರಳು. ಎರಡು ದಿನ ಏನೂ ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಗರಗಸದ ಸದ್ದು ಕೇಳಿಸಿತು. ಮದುವೆಯ ವರ್ಷ ತಾನೇ ಮಾಡಿದ್ದ ಊಟದ ಮೇಜನ್ನು ಉದ್ದಕ್ಕೆ ಸೀಳಿ, ಹೊಸ ಕಾಲು ಕೊಟ್ಟು, ಎರಡು ಹೋಳುಗಳ ನಡುವೆ ಹೆಬ್ಬೆರಳಿನಷ್ಟು ಸಂದು ಬಿಟ್ಟ. ಅವಳು ಮೇಲೆ ಒಂದೇ ಬಟ್ಟೆ ಹಾಸಿದಳು.

ಸುದ್ದಿ ಕೇಳಿ ಅಣ್ಣ ಬಂದರು, ಬಟ್ಟೆ ಎತ್ತಿ ನೋಡಿದರು.

"ಇಷ್ಟೇನಾ?"

"ಎಷ್ಟಿರಬೇಕು ಅಂತ ನೀವು ಓದಲಿಲ್ವಲ್ಲ, ಭಾವ."

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಣ್ಣ ಏನೂ ಮುಟ್ಟದೆ ಹೋದರು.

ಒಂಬತ್ತು ವರ್ಷ ಹೀಗೇ ಕಳೆಯಿತು. ತೇವಕ್ಕೆ ಮರ ಉಬ್ಬಿ ಸಂದು ಕೂದಲೆಳೆಯಷ್ಟು ಕಿರಿದಾದರೂ ಬಡಗಿ ಮರ ಹೆರೆಯುವ ಹತ್ತರಿ ಹಿಡಿದು ಅಂಚು ಸವರುತ್ತಿದ್ದ. "ಬಿಡೋ, ಯಾರು ನೋಡ್ತಾರೆ?" ಎಂದು ನಾನೆಂದರೆ, "ಅವಳ ದೇವರಿಗೆ ಮೋಸ ಆಗ್ಬಾರ್ದು ಅಕ್ಕಾ," ಎನ್ನುತ್ತಿದ್ದ.

ಆ ಅಣ್ಣನ ಹೆಂಡತಿ ತೀರಿಹೋದ ವರ್ಷ, ಒಂದು ಮಧ್ಯಾಹ್ನ, ಅವರು ಮತ್ತೆ ಬಂದರು. ಮೇಜಿನ ತುದಿಗೆ ಕುರ್ಚಿ ಎಳೆದು, ಸಂದಿನ ಆಚೆಗೊಂದು ಈಚೆಗೊಂದು ಮೊಣಕಾಲಿಟ್ಟು ಕೂತರು.

"ಇಲ್ಲೇ ಬಡಿಸಮ್ಮಾ," ಎಂದರು ತಂಗಿಗೆ.

ಬಡಗಿ ಬಗ್ಗಿ, ತಟ್ಟೆಯ ಎರಡೂ ಬದಿಗೆ ಹೆಬ್ಬೆರಳಿಟ್ಟು ನೋಡಿದ. "ಸರಿಯಾಗಿ ನಡುವೆ ಇದೆ. ಉಣ್ಣಿ."

ಇಂಥ ಜನ ಮುಚ್ಚಿದ ಬಾಗಿಲು ತಟ್ಟುವುದಿಲ್ಲ, ಮುನಿಸಿಕೊಂಡು ದೂರವೂ ಹೋಗುವುದಿಲ್ಲ. ಹೊರಗೆ ಅಂದ ಜಾಗದಲ್ಲೇ, ಕೈಗೆಟುಕುವಷ್ಟು ಹತ್ತಿರದಲ್ಲಿ, ಕೂತಿರುತ್ತಾರೆ. ಒಂಟಿಯಾಗಿ ಉಂಡು ಉಂಡು ನೆನಪಾಗಿ ತಿರುಗಿ ಬರುವವರು ಒಳಗಿನವರೇ.