ಹೊತ್ತು ಹುಟ್ಟುವ ಮುಂಚಿನ ತಾರೀಖು

ಕೊನೆಯ ತುಂಡನ್ನು ಬಿಡಿಸಿ ಬೇರೆ ಇಟ್ಟದ್ದೇ ತಡ, ಪರದೆಯ ಮೇಲೆ ಕೆಂಪು ಗೆರೆ ಎದ್ದಿತು. ತ್ರಿವೇಣಿ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತಳು. ಬೆಳಗಿನಿಂದ ಬಿಡಿಸಿದ್ದೆಲ್ಲ ಹಸಿರಾಗಿಯೇ ಇತ್ತು. ಇದೊಂದೇ ಮುನಿಸಿಕೊಂಡಿತ್ತು.

ಉಮರ್ಗಾದ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿದ್ದ ಪುಟ್ಟ ಆಫೀಸು ಅದು. ಅಂಗಡಿಯವರ ಮಗ ರವಿಕಾಂತ ಸುತ್ತಲಿನ ಹಳ್ಳಿಗಳ ಹಾಲಿನ ಡೇರಿಗಳಿಗೆ ಒಂದು ಆ್ಯಪ್ ಮಾಡಿಕೊಟ್ಟಿದ್ದ. ಯಾರು ಯಾವತ್ತು ಎಷ್ಟು ಹಾಲು ಹಾಕಿದರು ಎಂಬುದನ್ನು ಬರೆದುಕೊಂಡು, ಮರಾಠಿಯಲ್ಲೋ ಕನ್ನಡದಲ್ಲೋ ತಾರೀಖು ಹಾಕಿ ಮನೆಯವರ ಮೊಬೈಲಿಗೆ ಅದು ಮೆಸೇಜು ಕಳಿಸುತ್ತಿತ್ತು. ತಾರೀಖು ಸರಿಯಾಗಿ ಬೀಳುತ್ತದೆಯೋ ಇಲ್ಲವೋ ಎಂದು ತಪಾಸಿಸಲು ಅವನೇ ಬರೆದ ಟೆಸ್ಟ್ ಒಂದಿತ್ತು; ಸರಿಬಂದರೆ ಹಸಿರು, ತಪ್ಪಿದರೆ ಕೆಂಪು. ಸಾಲಿನ ಕೆಳಗೆ ಸಾಲಾಗಿ ಬರೆದ ಒಂದೇ ಮೆಥಡ್. ಬೆರಳು ಸೋಲುವವರೆಗೆ ಕೆಳಗಿಳಿಸಿದರೂ ಮುಗಿಯದಷ್ಟು ಉದ್ದ. ಅದನ್ನು ಸಣ್ಣ ಸಣ್ಣ ಟೆಸ್ಟುಗಳಾಗಿ ಬಿಡಿಸುವುದು, ಹೊಸದಾಗಿ ಕೆಲಸಕ್ಕೆ ಸೇರಿದ ತ್ರಿವೇಣಿಯ ಪಾಲಿಗೆ ಬಂದಿತ್ತು.

“ಬರೇ ಬಿಡ್ಸೋದು, ತಿಳೀತೇನು? ಆ್ಯಪಿಗಿ ಕೈ ಹಚ್ಚಬ್ಯಾಡ. ಅದು ಬರೋಬರ ನಡದದ,” ಎಂದಿದ್ದ ರವಿಕಾಂತ.

ಕೆಲಸ ಅವಳಿಗೆ ಹಿಡಿಸಿತ್ತು. ಒಂದೊಂದು ತುಂಡಿಗೂ ಒಂದೊಂದು ಹೆಸರಿಡಬೇಕು. ಫೆಬ್ರವರಿಯ ಹೆಚ್ಚಿನ ದಿನಕ್ಕೊಂದು, ಮರಾಠಿ ತಿಂಗಳಿಗೊಂದು, ವರ್ಷ ಹೊರಳುವ ರಾತ್ರಿಗೊಂದು. ಕೊನೆಯದಕ್ಕೆ ಹೆಸರು ಹುಡುಕುವ ಮೊದಲೇ ಅದು ಕೆಂಪಾಗಿತ್ತು. ಅದರಲ್ಲಿದ್ದ ತಾರೀಖು, ನಸುಕಿನಲ್ಲಿ ಈ ಸೀಮೆಯ ಊರುಗಳನ್ನೆಲ್ಲ ಕೆಡವಿದ ತೊಂಬತ್ತಮೂರರ ಭೂಕಂಪದ್ದು. ಬೆಳಕು ಹರಿಯುವ ಮೊದಲಿನ ಒಂದು ವೇಳೆ ಬರೆ ಎಂದರೆ ಈ ಸೀಮೆಯವರ ಕೈ ತಾನಾಗಿ ಅದನ್ನೇ ಬರೆಯುತ್ತದೆ, ಅದರಲ್ಲೇನೂ ಸೋಜಿಗವಿರಲಿಲ್ಲ. ಸೋಜಿಗವೆಂದರೆ ಕೆಂಪು ಗೆರೆಯ ಮಾತು. ಬರಬೇಕಾದದ್ದು ಸೆಪ್ಟೆಂಬರ್ ಮೂವತ್ತು, ಬಂದದ್ದು ಇಪ್ಪತ್ತೊಂಬತ್ತು.

ಮೂವತ್ತಲ್ಲ ಎನ್ನುವ ಮನುಷ್ಯರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಅವಳ ಆಯಿ, ಅಪ್ಪನ ತಾಯಿ ರಂಭಾಬಾಯಿ. ಹೊತ್ತು ಹುಟ್ಟದೆ ದಿನ ಬದಲಾಗುವುದಿಲ್ಲ ಎಂಬುದು ಆಯಿಯ ಲೆಕ್ಕ. ಗಡಿಯಾರದವರು ನಡುರಾತ್ರಿ ಕದ್ದು ದಿನ ಬದಲಿಸುತ್ತಾರೆ ಎಂದು ಆಕೆಗೆ ಸಿಟ್ಟು. “ಗಣಪತಿ ಕಳಿಸಿ ಬಂದು ಮಲಗಿದ್ರು ನಿಮ್ಮಜ್ಜ. ಇನ್ನಾ ಚತುರ್ದಶಿನೇ ಇತ್ತು,” ಎನ್ನುತ್ತಿದ್ದಳು. ಸರಕಾರದ ಕಾಗದ ಏನಾದರೂ ಹೇಳಲಿ, ಆ ರಾತ್ರಿ ಬಿದ್ದ ಮನೆಯಡಿ ಸತ್ತ ಗಂಡನ ತಿಥಿಯನ್ನು ಆಕೆ ತನ್ನ ಲೆಕ್ಕದಲ್ಲೇ ಮಾಡುತ್ತಿದ್ದಳು.

ಆ ಲೆಕ್ಕವೇ ಇಂದು ಬೆಳಿಗ್ಗೆ ಸಾಸ್ತೂರಿನ ಮನೆಯಲ್ಲಿ ಆಕೆಗೆ ಮುಳುವಾಗಿತ್ತು.

“ಅವ್ವಾ, ಇವತ್ತಿನ ಹಾಲು ಎಲ್ಲಿ ಹಾಕಿ ಬಂದಿ?” ಅಪ್ಪ ಮಹಾದೇವಪ್ಪ ಮೊಬೈಲು ಹಿಡಿದುಕೊಂಡೇ ಕೇಳಿದ್ದ.

“ಡೇರಿಗಿ ಹಾಕೀನಿ. ಮತ್ತ ಬಾವ್ಯಾಗ ಹಾಕ್ತಾರೇನು?”

“ಮೆಸೇಜಿನ್ಯಾಗ ನಿನ್ನಿ ತಾರೀಖ ಅದ. ಇವತ್ತಿಂದು ಖಾಲಿ ಅದ.”

“ಹೌದಲ್ಲ, ನಿನ್ನೀದೇ ಅದು. ನಾ ಹೋದಾಗ ಹೊತ್ತೆಲ್ಲಿ ಹುಟ್ಟಿತ್ತು?”

ಅಪ್ಪ ಹೆಂಡತಿಯ ಕಡೆ ನೋಡಿದ. ಅವ್ವ ದ್ರೌಪದಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ತಿಂಗಳಿಂದ ಹೀಗೇ ನಡೆದಿತ್ತು. ದಿನಾಲೂ ಬೆಳಗಿನ ಹಾಲಿನ ಜಾಗ ಖಾಲಿ, ಕೇಳಿದರೆ ಮುದುಕಿ ನಿನ್ನೆಯದು ಎನ್ನುತ್ತಾಳೆ. ಡೇರಿಯ ವೈಜಿನಾಥನನ್ನು ಕೇಳಿದರೆ, “ಬರ್ತಾಳ ಖರೆ, ಕಾಕಾ. ಮಶೀನ್ ಹಾಂಗ ಅಂತದ, ನಾ ಏನ್ ಮಾಡ್ಲಿ?” ಎಂದಿದ್ದ.

“ತಲಿ ಹಣ್ಣಾಗ್ಯದ ನಿಂದು,” ಎಂದ ಅಪ್ಪ ಆಯಿಗೆ. “ನಾಳಿಂದ ಕಿಟ್ಲಿ ಮುಟ್ಟಬ್ಯಾಡ. ಕತ್ತಲ್ದಾಗ ಎಲ್ಲಿಗಿ ಹೋಗ್ತಿ, ಯಾರಿಗಿ ಹಾಕ್ತಿ, ಆ ದೇವರಿಗೇ ಗೊತ್ತು. ದ್ರೌಪದಿ ಒಯ್ತಾಳ, ಬೆಳಕಾದ ಮ್ಯಾಲ.”

ಆಯಿ ಹಾಲಿನ ಕಿಟ್ಲಿಯ ಬಾಯಿಯನ್ನು ಸೆರಗಿನಿಂದ ಒರೆಸಿ, ಕಡ ತಂದ ವಸ್ತುವನ್ನು ತಿರುಗಿ ಕೊಡುವವಳ ಹಾಗೆ ಸೊಸೆಯ ಮುಂದಿಟ್ಟಳು. ಭೂಕಂಪಕ್ಕೆ ಮನೆ ಬಿದ್ದ ಆ ರಾತ್ರಿಯಿಂದ ಇಂದಿನವರೆಗೂ ಆ ಹೊತ್ತಿಗೆ ಆಕೆ ಸೂರಿನ ಕೆಳಗೆ ಇದ್ದದ್ದಿಲ್ಲ. ಸರಕಾರ ಕಟ್ಟಿಸಿಕೊಟ್ಟ ಗಟ್ಟಿ ಮನೆಯಲ್ಲೂ ಅಷ್ಟೇ. ಕತ್ತಲಲ್ಲೇ ಎದ್ದು, ಎಮ್ಮೆ ಹಿಂಡಿ, ಕಿಟ್ಲಿ ಹಿಡಿದು ಊರಿಗೆಲ್ಲ ಮೊದಲು ಹೊರಬೀಳುತ್ತಿದ್ದಳು. ಕಿಟ್ಲಿ ಇಲ್ಲದಿದ್ದರೆ ನಾಳೆ ಆ ಹೊತ್ತಿಗೆ ಆಕೆ ಎಲ್ಲಿರಬೇಕು? ಆಫೀಸಿಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತ್ರಿವೇಣಿಗೆ ಅದೇ ಯೋಚನೆಯಾಗಿತ್ತು.

ಈಗ ಪರದೆಯೂ ಆಯಿಯ ಹಾಗೆಯೇ ಮಾತಾಡುತ್ತಿದೆ. ನಿನ್ನೆ, ನಿನ್ನೆ. ಇದಕ್ಕೆ ಇದನ್ನು ಯಾರು ಹೇಳಿಕೊಟ್ಟರು?

ಆಯಿಯ ಕಥೆಗಳಲ್ಲಿ ಅಡವಿಯ ಮುದುಕಿ ಮೊದಲಿಗೇ ರಾಜಕುಮಾರನ ಶಲ್ಯದ ಸೆರಗಿಗೆ ನಾಲ್ಕು ಪುಟಾಣಿ ಕಾಳು ಕಟ್ಟಿ ಕಳಿಸುತ್ತಿದ್ದಳು. ಕೇಳುವವರು ಮರೆತೇ ಹೋಗಿರುತ್ತಿದ್ದರು. ಕೊನೆಗೆ ಬಾಗಿಲು ತೆರೆಯುತ್ತಿದ್ದದ್ದು ಅದೇ ಪುಟಾಣಿಯಿಂದ. ನಡುವಿನಿಂದ ಹೇಳು ಆಯಿ ಎಂದು ಹಟ ಮಾಡಿದರೆ, ಪುಟಾಣಿ ಇಲ್ಲದ ಹುಡುಗ ಬಾಗಿಲ ಮುಂದೆ ನಿಂತೇ ಇರುತ್ತಿದ್ದ. ತ್ರಿವೇಣಿ ಹಳೆಯ ಉದ್ದ ಮೆಥಡ್ ತೆರೆದು, ಸರಸರ ಮೇಲೇರಿ, ತುತ್ತತುದಿಗೆ ಹೋದಳು. ಅಲ್ಲಿ ಒಂದೇ ಒಂದು ಸಾಲು. ಇಲ್ಲಿಂದ ಮುಂದೆ ಗಡಿಯಾರ ಹಿಂದುಸ್ತಾನದ್ದು.

ಕೊನೆಯ ತುಂಡನ್ನು ಕಿತ್ತು ತಂದಾಗ ಆ ಸಾಲು ಅಲ್ಲೇ ಉಳಿದಿತ್ತು. ಟೆಸ್ಟುಗಳು ಓಡುವುದು ದೂರದ ಬಾಡಿಗೆ ಸರ್ವರಿನಲ್ಲಿ. ಅದರ ಗಡಿಯಾರ ಲಂಡನ್ನಿನದು. ಇಲ್ಲಿ ಕೋಳಿ ಕೂಗುವಾಗ ಅಲ್ಲಿನ್ನೂ ಹಿಂದಿನ ರಾತ್ರಿ. ಆ ಸಾಲನ್ನು ತಂದು ಸಣ್ಣ ಟೆಸ್ಟಿನ ತಲೆಯ ಮೇಲಿಟ್ಟಳು. ಹಸಿರಾಯಿತು. ಹೇಳಿದ ಕೆಲಸ ಮುಗಿದಂತೆಯೇ.

ಆದರೆ ಕೈ ಅಲ್ಲಿಂದ ಏಳಲಿಲ್ಲ. ಟೆಸ್ಟಿಗೆ ಪುಟಾಣಿ ಕಟ್ಟಿದವನು ರವಿಕಾಂತ. ಆ್ಯಪಿಗೆ ಕಟ್ಟಿದವರು ಯಾರು? ಕೈ ಹಚ್ಚಬೇಡ ಎಂದಿದ್ದನೇ ಹೊರತು ನೋಡಬೇಡ ಎಂದಿರಲಿಲ್ಲ. ನೋಡಿದಳು. ಎಲ್ಲಿಯೂ ಆ ಸಾಲು ಇರಲಿಲ್ಲ. ತಿಂಗಳ ಹಿಂದಿನವರೆಗೆ ಆ್ಯಪ್ ಓಡುತ್ತಿದ್ದದ್ದು ಇದೇ ಕೋಣೆಯ ಕಂಪ್ಯೂಟರಿನಲ್ಲಿ. ಆಮೇಲೆಯೇ ಅದನ್ನು ಬಾಡಿಗೆ ಸರ್ವರಿಗೆ ಸಾಗಿಸಿದ್ದು.

ರವಿಕಾಂತ ಚಹಾ ಕುಡಿಯುತ್ತ ಕಿಟಕಿಯಲ್ಲಿ ನಿಂತಿದ್ದ.

“ಟೆಸ್ಟ್ ಎಲ್ಲಾ ಹಸಿರ ಆದವೇನು?”

“ಆಗ್ಯಾವ್ರಿ ಸರ್.” ಅವಳು ಪರದೆಯ ಮೇಲಿನ ಆ ಸಾಲಿಗೆ ಬೆರಳು ತೋರಿಸಿದಳು. “ಒಂದು ನಾ ಮಾಡೀನ್ರಿ. ತಾನಾಗೇ ಆಗಿಲ್ಲ.”

“ಅಂದ್ರ?”

“ಗಡಿಯಾರದ ಸಾಲು ಟೆಸ್ಟಿನ್ಯಾಗ ಅದರಿ, ಆ್ಯಪಿನ್ಯಾಗ ಇಲ್ರಿ. ಕತ್ತಲ್ದಾಗ ಹಾಕಿದ ಹಾಲು ನಿನ್ನಿ ತಾರೀಖಿಗಿ ಬೀಳ್ತದ.”

“ಎರಡ ವರ್ಷದಿಂದ ನಡದದ ಅದು. ಯಾರೂ ಒಂದ ಮಾತು ಅಂದಿಲ್ಲ,” ಎಂದು ಅವನು ದನಿ ಏರಿಸಿದ. “ಮತ್ತ ಅಷ್ಟು ಕತ್ತಲ್ದಾಗ ಹಾಲು ತರೋರು ಯಾರದಾರ?”

“ನಮ್ಮ ಆಯಿ ತರ್ತಾಳ್ರಿ.”

ಅವನು ಕಪ್ಪು ಕೆಳಗಿಟ್ಟು ಬಂದು ಕೂತ. ಸಾಸ್ತೂರ ಡೇರಿಯ ಹೆಸರುಗಳನ್ನು ತೆರೆದ. ಬೇರೆಯವರ ಬೆಳಗಿನ ಹಾಲೆಲ್ಲ ತನ್ನ ತನ್ನ ಜಾಗದಲ್ಲಿತ್ತು. ರಂಭಾಬಾಯಿಯದು ಮಾತ್ರ ತಿಂಗಳಿಡೀ ಒಂದು ಹೆಜ್ಜೆ ಹಿಂದೆ ನಿಂತಿತ್ತು. ಕೆಳಗೆ ಅಂಗಡಿಯಲ್ಲಿ ಯಾರೋ ಟಾವೆಲ್ ಹರಿಯುವ ಸದ್ದು ಕೇಳಿಸಿತು.

“ಮನ್ಯಾಗ ಏನಂದ್ರು ಆಯಿಗಿ?”

ಕೇಳುತ್ತಲೇ ಅವನು ಕೀಬೋರ್ಡನ್ನು ಅವಳ ಕಡೆ ಸರಿಸಿದ.

“ಹಚ್ಚು ಈಗ ಕೈ. ಸಾಲು ಬಿಟ್ಟಿದ್ದು ನಾನೇ, ಚೂಕ ನಂದದ. ತಿಂಗಳದ್ದು ಎಲ್ಲಾ ದುರಸ್ತ ಮಾಡಿ ಮನಿಗಿ ಮೆಸೇಜು ಹಾಕು.”

ಹೊರಡುವ ಮುನ್ನ ಆ ಕೊನೆಯ ಟೆಸ್ಟಿಗೆ ಹೆಸರಿಟ್ಟಳು. ಇಂಗ್ಲಿಷ್ ಅಕ್ಷರಗಳಲ್ಲೇ, ಆದರೆ ಆಯಿಯ ಮಾತಿನಲ್ಲಿ. ಹೊತ್ತು ಹುಟ್ಟುವ ಮುಂಚೆ.

ಮನೆಗೆ ಬಂದಾಗ ಅಪ್ಪ ಮೊಬೈಲನ್ನು ಹಿಂದೆ ಮುಂದೆ ಮಾಡುತ್ತ ಅಂಗಳದಲ್ಲಿ ಕೂತಿದ್ದ. ತ್ರಿವೇಣಿ ಎಲ್ಲ ಬಿಡಿಸಿ ಹೇಳಿದಳು. ಊಟವಾದ ಮೇಲೆ ಅಪ್ಪ ಯಾರಿಗೂ ಹೇಳದೆ ಕಿಟ್ಲಿಯನ್ನು ತಾನೇ ತಿಕ್ಕಿ ತೊಳೆದು, ಆಯಿಯ ಹಾಸಿಗೆಯ ಕಡೆಯ ಹೊಸ್ತಿಲ ಬಳಿ ಬೋರಲು ಹಾಕಿದ.

ಮರುದಿನ ತ್ರಿವೇಣಿ ಅಪ್ಪನ ಮೊಬೈಲು ತೆಗೆದುಕೊಂಡು ಆಯಿಯ ಬೆನ್ನು ಹತ್ತಿದಳು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಡೇರಿಯ ಒಂಟಿ ದೀಪದ ಕೆಳಗೆ ವೈಜಿನಾಥ ಆಕಳಿಸುತ್ತ ಹಾಲು ತೂಗಿದ. ಮೊಬೈಲು ಗುಂಯ್ ಎಂದಿತು.

“ಏನಂತದ ನಿಮ್ಮ ಮಶೀನು?” ಆಯಿ ಕೇಳಿದಳು.

“ಇವತ್ತಿನ ತಾರೀಖು ಆಯಿ. ಬರೋಬರ ಬಂದದ.”

ಆಯಿ ಬಾಗಿಲ ಹೊರಗೆ ತಲೆ ಹಾಕಿ ಆಕಾಶ ನೋಡಿದಳು. ಚುಕ್ಕಿಗಳು ಇನ್ನೂ ಹಾಗೇ ಇದ್ದವು.

“ಮೊದಲ ಬರೋಬರ ಇತ್ತು,” ಎಂದಳು. “ಈಗ ಯಾರೋ ಕೆಡಿಸ್ಯಾರ.”

ವೈಜಿನಾಥನ ಆಕಳಿಕೆ ನಗೆಯಾಯಿತು. ತ್ರಿವೇಣಿ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಳು.

ತಿರುಗಿ ಬರುವಾಗ ಊರಿನ ತುದಿಯ ತೊಗರಿ ಹೊಲದ ಬದುವಿನ ಮೇಲೆ ಆಯಿ ನಿಂತಳು. ಖಾಲಿ ಕಿಟ್ಲಿ ಕೆಳಗಿಟ್ಟು, ದಿನಾಲೂ ಕೂತು ನುಣುಪಾದ ಕಲ್ಲೊಂದರ ಮೇಲೆ ಕೂತಳು.

“ನಡಿ ಆಯಿ, ಮನಿಗಿ ಹೋಗಮು. ಚಳಿ ಅದ.”

“ತಡಿ,” ಎಂದು ಆಯಿ ಪಕ್ಕದಲ್ಲಿ ಜಾಗ ಮಾಡಿದಳು. “ಹೊತ್ತು ಹುಟ್ಲಿ, ಇವತ್ತ ಆಗ್ಲಿ.”

ತ್ರಿವೇಣಿ ಕೂತಳು. ತೊಗರಿಯ ಮೇಲೆ ಕತ್ತಲೆ ಇನ್ನೂ ದಟ್ಟವಾಗಿತ್ತು. ಕಿಟ್ಲಿಯ ಮುಚ್ಚಳದ ಅಂಚಿನಲ್ಲಿ ಉಳಿದಿದ್ದ ಒಂದು ಹನಿ ಹಾಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.